ಬಾಣಂತಿಯ ಬಚ್ಚಲಿಗೊಂದು ಗಾಳಿಗಂಡಿ

ಮಾಲೂರಿನ ರೈಲ್ವೆ ಸ್ಟೇಷನ್ನಿನ ಆಸುಪಾಸಿನ ಬೀದಿಗಳಲ್ಲಿ ಹುಟ್ಟಿದ ಕೂಸುಗಳ ಪೈಕಿ ಮುನಿಯಲ್ಲಮ್ಮನ ಕಾಲುಗಳ ಮೇಲೆ ಬೋರಲು ಮಲಗಿ ಎರೆಸಿಕೊಳ್ಳದವು ಬಹಳ ಕಡಿಮೆ. ಅವಳು ಸೂಲಗಿತ್ತಿಯಲ್ಲ, ಹೆರಿಗೆ ಬೇರೆಯವರ ಕೆಲಸ. ತಾಯಿ ಮಗು ಎರಡಾಗಿ ಮನೆ ಸೇರಿದ ಮೇಲೆ ಅವಳಿಗೆ ಕರೆ ಬರುತ್ತಿತ್ತು. ಅಲ್ಲಿಂದ ಮೂರು ತಿಂಗಳು ಮಗುವಿಗೆ ಎಣ್ಣೆ ತಿಕ್ಕಿ ನೀರೆರೆಯುವುದು, ಬಾಣಂತಿಗೆ ಮೈ ಸುಡುವಂಥ ನೀರು ಹುಯ್ಯುವುದು, ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸಿ ಸೊಂಟಕ್ಕೆ ಹಳೇ ಸೀರೆ ಬಿಗಿದು ಮಲಗಿಸುವುದು ಎಲ್ಲ ಅವಳ ಪಾಲಿನದು. ಬೆಳಕು ಹರಿಯುತ್ತಲೇ ಹೊರಟರೆ ಹನ್ನೊಂದು ಗಂಟೆಯೊಳಗೆ ನಾಲ್ಕು ಮನೆ ಮುಗಿಸುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು ಬೀದಿಯಲ್ಲಿ ಅಷ್ಟು ಬಿರುಸಾಗಿ ನಡೆಯುವುದನ್ನು ಕಂಡು ಜನ ದಾರಿ ಬಿಡುತ್ತಿದ್ದರು.

ಕೆಲಸ ಕಲಿಸಿದವಳು ಅವಳ ಅತ್ತೆ. ಮೊದಲ ದಿನ ಅತ್ತೆ ಹೇಳಿಕೊಟ್ಟದ್ದು ತೂತು ಮುಚ್ಚುವುದನ್ನು. “ಬಚ್ಚಲಿಗೆ ಕಾಲಿಟ್ಟೇಟಿಗೆ ಸುತ್ತ ನೋಡು. ಎಲ್ಲಿಂದ ಗಾಳಿ ಬರ್ತೈತೋ ಅಲ್ಲಿಗೆ ಬಟ್ಟೆ ತುರುಕು. ಹಸಿ ಮೈಗೆ ಗಾಳಿ ಸೋಕ್ತು ಅಂದ್ರೆ ಆ ಹೆಣ್ಣು ಎದ್ದು ಕೂತ್ಕೊಳಾಕಿಲ್ಲ,” ಎಂದಿದ್ದಳು. ಮೂವತ್ತು ವರ್ಷ ಮುನಿಯಲ್ಲಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಳು. ಕಿಟಕಿಗೆ ಗೋಣಿ, ಬಾಗಿಲ ಸಂದಿಗೆ ಚಿಂದಿ, ಮೂಲೆಯಲ್ಲಿ ಅಗ್ಗಿಷ್ಟಿಕೆಯ ತುಂಬ ಕೆಂಡ. ಆಮೇಲೆಯೇ ನೀರಿನ ಚೊಂಬು.

ಸಾವಿರದೊಂಬೈನೂರ ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಅಶ್ವತ್ಥಪ್ಪನವರ ಮನೆಯಿಂದ ಕರೆ ಬಂತು. ಅಶ್ವತ್ಥಪ್ಪ ಬೆಂಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತರು, ದಿನಾ ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವವರು. ಅವರು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿ ಒಂಬತ್ತು ತಿಂಗಳಾಗಿತ್ತು. ಸುಟ್ಟಿಟ್ಟಿಗೆಯ ಗೋಡೆ, ಕಾಂಕ್ರೀಟಿನ ತಾರಸಿ. ಮಗಳು ಆದಿಲಕ್ಷ್ಮಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು.

ಆ ಮನೆಯ ಬಚ್ಚಲು ನೋಡಿ ಮುನಿಯಲ್ಲಮ್ಮನಿಗೆ ಬಹಳ ಹಿಡಿಸಿತು. ಹಂಡೆಯ ಒಲೆಯ ಬಾಯಿ ಗೋಡೆಯ ಆಚೆ ಹಿತ್ತಲಿಗೆ ತೆರೆದಿತ್ತು, ಹೊಗೆಯೆಂಬುದು ಒಳಗೆ ಸುಳಿಯುತ್ತಲೇ ಇರಲಿಲ್ಲ. ಸಣ್ಣದೊಂದು ಕಿಟಕಿ, ಗಟ್ಟಿಮುಟ್ಟಾದ ಬಾಗಿಲು. ಕಿಟಕಿಗೆ ಒಂದು ಗೋಣಿ, ಬಾಗಿಲ ಬುಡಕ್ಕೆ ಇನ್ನೊಂದು ಇಟ್ಟರೆ ಇರುವೆ ನುಸುಳುವಷ್ಟೂ ಸಂದಿಯಿಲ್ಲ. “ಇಂಥ ಬಚ್ಚಲು ನಾನು ನೋಡೇ ಇಲ್ಲ ಕಣಮ್ಮ, ಬಾಣಂತಿಗೇ ಅಂತ ಕಟ್ಟಿಸಿದಂಗೈತೆ,” ಎಂದು ಆದಿಲಕ್ಷ್ಮಿಯ ತಾಯಿ ವೆಂಕಟರತ್ನಮ್ಮನಿಗೆ ಹೇಳಿ ಅವರ ಮುಖ ಅರಳಿಸಿದಳು.

ಮಗು ಹುಟ್ಟಿ ಇಪ್ಪತ್ತೆರಡನೆಯ ದಿನ. ಹೊರಗೆ ಮೂಳೆ ಕೊರೆಯುವ ಚಳಿ. ಮಗುವಿನ ಸ್ನಾನ ಮುಗಿಸಿ ವೆಂಕಟರತ್ನಮ್ಮನ ಮಡಿಲಿಗೆ ಕೊಟ್ಟು, ಮುನಿಯಲ್ಲಮ್ಮ ಆದಿಲಕ್ಷ್ಮಿಯನ್ನು ಮಣೆಯ ಮೇಲೆ ಕೂರಿಸಿದಳು. ಚಳಿ ಜಾಸ್ತಿಯೆಂದು ಅಗ್ಗಿಷ್ಟಿಕೆಗೆ ಎಂದಿಗಿಂತ ಎರಡು ಹಿಡಿ ಇದ್ದಿಲು ಹೆಚ್ಚಾಗಿ ಹಾಕಿದ್ದಳು. ಕೆಂಡ ಹೊಗೆಯಿಲ್ಲದೆ ನಿಗಿನಿಗಿ ಉರಿಯುತ್ತಿತ್ತು. ಬಾಗಿಲು ಎಳೆದು ಗೋಣಿ ಒತ್ತಿದಳು.

ಐದಾರು ಚೊಂಬು ಹುಯ್ದ ಮೇಲೆ ಆದಿಲಕ್ಷ್ಮಿ, “ಪೆದ್ದಮ್ಮಾ, ತಲೆ ಒಡೆದುಹೋಗೋ ಹಾಗೆ ನೋಯ್ತಿದೆ,” ಎಂದಳು. ಬೀದಿಯ ಹುಡುಗಿಯರೆಲ್ಲ ಮುನಿಯಲ್ಲಮ್ಮನನ್ನು ತೆಲುಗಿನಲ್ಲಿ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎಂದೇ ಕರೆಯುತ್ತಿದ್ದರು.

“ಎಣ್ಣೆ ಶೀತ ಕಣವ್ವ. ಬಿಸಿ ಬಿದ್ರೆ ಹೋಗ್ತೈತೆ.”

“ಹೊಟ್ಟೆ ತೊಳಸ್ತಿದೆ.”

“ಖಾಲಿ ಹೊಟ್ಟೆ ಅಲ್ವಾ, ಇನ್ನೊಂದ್ನಾಲ್ಕು ಚೊಂಬು, ಆಯ್ತು.”

ಆದಿಲಕ್ಷ್ಮಿ ಮತ್ತೆ ಮಾತಾಡಲಿಲ್ಲ. ತಲೆ ಎದೆಯ ಮೇಲೆ ಬಾಗಿತು. ಬಿಸಿನೀರಿಗೆ ಬಾಣಂತಿಯರು ತೂಕಡಿಸುವುದು ಹೊಸದೇನಲ್ಲ. ಮುನಿಯಲ್ಲಮ್ಮ ಇನ್ನೂ ಎರಡು ಚೊಂಬು ಹುಯ್ದಳು. ಆಗ ಹುಡುಗಿ ಮಣೆಯಿಂದ ಪಕ್ಕಕ್ಕೆ ವಾಲಿ ಗೋಡೆಗೆ ಒರಗಿ ಕುಸಿದಳು. ಎತ್ತಲು ಹೋದರೆ ಮುನಿಯಲ್ಲಮ್ಮನ ಮೊಣಕಾಲೇ ಮಾತು ಕೇಳಲಿಲ್ಲ. ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು, ಹಂಡೆ ಒಂದಿದ್ದದ್ದು ಎರಡಾಗಿ ಕಾಣುತ್ತಿತ್ತು. ಏನಾಗುತ್ತಿದೆಯೆಂದು ತಿಳಿಯದಿದ್ದರೂ ಹೊರಗೆ ಹೋಗಬೇಕೆಂಬುದೊಂದು ತಿಳಿಯಿತು. ಒದ್ದೆ ನೆಲದ ಮೇಲೆ ತೆವಳಿಕೊಂಡು ಬಾಗಿಲ ಹತ್ತಿರ ಬಂದಳು. ಬಾಗಿಲು ಒಳಕ್ಕೆ ತೆಗೆಯುವಂಥದ್ದು. ಅವಳೇ ಬಿಗಿಯಾಗಿ ಒತ್ತಿದ್ದ ಗೋಣಿ ಬುಡದಲ್ಲಿ ಕಚ್ಚಿಕೊಂಡಿತ್ತು. ಎರಡು ಕೈಯಲ್ಲೂ ಎಳೆದಳು, ಹಲ್ಲು ಕಚ್ಚಿ ಎಳೆದಳು. ಗೋಣಿ ಕಿತ್ತು ಬಂತು. ಬಾಗಿಲು ಒಂದು ಗೇಣು ತೆರೆದದ್ದೇ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅವಳು ಕೂಗಿದ್ದು ಹಿತ್ತಲು ದಾಟಿ ಬೀದಿಗೆ ಕೇಳಿಸಿತಂತೆ.

ಅವತ್ತು ಅಶ್ವತ್ಥಪ್ಪ ರಜೆಯಲ್ಲಿ ಮನೆಯಲ್ಲೇ ಇದ್ದರು. ಮಗಳನ್ನು ಹೊತ್ತು ಜಗಲಿಗೆ ತಂದು ಮಲಗಿಸಿದರು. ಪಕ್ಕದ ಬೀದಿಯ ಡಾಕ್ಟರು ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದರು. ಆದಿಲಕ್ಷ್ಮಿ ಕಣ್ಣು ಬಿಡಲು ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ವೆಂಕಟರತ್ನಮ್ಮ ಗಾಳಿ ಸೋಕಿತು, ಗಾಳಿ ಸೋಕಿತು ಎಂದು ಗೋಳಾಡುತ್ತಿದ್ದರು.

ಡಾಕ್ಟರು ಬಚ್ಚಲಿಗೆ ಹೋಗಿ ನೋಡಿಕೊಂಡು ಬಂದು, “ಗಾಳಿ ಸೋಕಿದ್ದಲ್ಲಮ್ಮ, ಗಾಳಿ ಇಲ್ಲದೆ ಆಗಿದ್ದು,” ಎಂದರು. “ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಅದರಿಂದ ಒಂದು ವಿಷಗಾಳಿ ಹುಟ್ಟುತ್ತೆ. ಹೊಗೆ ಇದ್ದಿದ್ದರೆ ಕೆಮ್ಮಿಕೊಂಡು ಎದ್ದು ಬರ್ತಿದ್ರಿ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇನ್ನು ಹತ್ತು ನಿಮಿಷ ಆಗಿದ್ರೆ ಇಬ್ಬರೂ ಅಲ್ಲೇ. ನಾನು ಎರಡು ಕಡೆ ನೋಡಿದೀನಿ. ಹೆಣ ಅಂತ ಗೊತ್ತೇ ಆಗಲ್ಲ. ಮುಖ ಕೆಂಪಗೆ, ನಿದ್ದೆ ಮಾಡ್ತಿರೋ ಹಾಗೆ ಇರ್ತಾರೆ.”

ಕಂಬಕ್ಕೆ ಒರಗಿ ವಾಂತಿ ಮಾಡಿಕೊಳ್ಳುತ್ತಿದ್ದ ಮುನಿಯಲ್ಲಮ್ಮ ಆ ಕೊನೆಯ ಮಾತು ಕೇಳಿ ತಲೆಯೆತ್ತಿದಳು. ನಿದ್ದೆ ಮಾಡುತ್ತಿರುವ ಹಾಗೆ ಕೆಂಪಗಿದ್ದ ಒಂದು ಮುಖವನ್ನು ಅವಳು ಕಂಡಿದ್ದಳು.

ಅದು ಹದಿಮೂರು ವರ್ಷದ ಹಿಂದೆ, ಅವಳ ತವರು ದೇವರಾಯಸಮುದ್ರದಲ್ಲಿ. ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಹೋಗಿದ್ದಳು. ಪಕ್ಕದ ಮನೆಯ ಶ್ಯಾಮಲಮ್ಮ ಅವಳ ಜೊತೆ ಕೆರೆಯ ಏರಿಯ ಮೇಲೆ ದನ ಮೇಯಿಸಿ ಬೆಳೆದವಳು. ಶ್ಯಾಮಲಮ್ಮನ ಮಗಳು ಗಂಗರತ್ನಳೂ ಹೆತ್ತು ಮನೆಯಲ್ಲಿದ್ದಳು. “ಹೆಂಗೂ ಬಂದಿದ್ದೀಯ, ನಮ್ಮುಡುಗೀಗೂ ನೀರು ಹಾಕೇ,” ಎಂದು ಶ್ಯಾಮಲಮ್ಮ ಕರೆದಳು. ಅದು ಕಲ್ಲು ಚಪ್ಪಡಿ ಹೊದಿಸಿದ ಮನೆ. ಒಂದು ಬೆಳಗ್ಗೆ ಮುನಿಯಲ್ಲಮ್ಮ ಕೂಸನ್ನು ಶ್ಯಾಮಲಮ್ಮನ ಕೈಗೆ ಕೊಟ್ಟು, ಗಂಗರತ್ನಳಿಗೆ ನೀರು ಹಾಕಿ, ಒಳಕೋಣೆಯ ಮಂಚದ ಮೇಲೆ ಮಲಗಿಸಿ, ಮಂಚದ ಕೆಳಗೆ ಕೆಂಡವಿಟ್ಟು, ಗೋಡೆಯ ಗೂಡುಗಂಡಿಗೆ ಬಟ್ಟೆ ತುರುಕಿ, ಬಾಗಿಲೆಳೆದುಕೊಂಡು ತಮ್ಮನ ಮನೆಗೆ ಹೋದಳು. ಮಧ್ಯಾಹ್ನ ಶ್ಯಾಮಲಮ್ಮ ಊಟಕ್ಕೆ ಎಬ್ಬಿಸಲು ಹೋದಾಗ ಗಂಗರತ್ನ ಏಳಲಿಲ್ಲ. ಕೂಗು ಕೇಳಿ ಓಡಿಬಂದ ಮುನಿಯಲ್ಲಮ್ಮ ಕಂಡದ್ದು ಆ ಕೆಂಪು ಮುಖವನ್ನು. ಊರೆಲ್ಲ ಗಾಳಿ ಎಂದಿತು. ಮುನಿಯಲ್ಲಮ್ಮನೂ ಗಾಳಿ ಎಂದೇ ನಂಬಿದಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಾಲೂರಿನ ಹಳೇ ಮನೆಗಳಲ್ಲಿ ಹಾಗೆಂದೂ ಆಗಿರಲಿಲ್ಲ. ಅವೆಲ್ಲ ನಾಡಹೆಂಚಿನವು. ಅವಳು ಎಷ್ಟು ತೂತು ಮುಚ್ಚಿದರೂ ಹೆಂಚಿನ ಸಂದಿಯಿಂದ ಗಾಳಿ ತನ್ನ ಪಾಡಿಗೆ ಓಡಾಡುತ್ತಿತ್ತು. ಚಪ್ಪಡಿಗೂ ಕಾಂಕ್ರೀಟಿಗೂ ಸಂದಿಯಿರಲಿಲ್ಲ. ಇದು ಹೊಳೆದ ಗಳಿಗೆಯಿಂದ ಮುನಿಯಲ್ಲಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ.

ಎರಡು ದಿನ ಯಾವ ಮನೆಗೂ ಹೋಗಲಿಲ್ಲ. ರಾಗಿ ಹಸನು ಮಾಡಲು ಮೊರ ಹಿಡಿದು ಕೂತವಳು ಎದ್ದು ನೀರಿಗೆ ಹೋಗುವಳು, ಕೊಡ ಅರ್ಧ ತುಂಬುವಷ್ಟರಲ್ಲಿ ಬಿಟ್ಟು ಬರುವಳು. ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರಮಿನ ಈ ತುದಿಯಿಂದ ಆ ತುದಿಗೆ ನಡೆದಳು. ರೈಲು ಬಂತು, ಜನ ಇಳಿದರು, ಹತ್ತಿದರು. ಅವಳು ಯಾರಿಗಾಗಿ ಬಂದಿದ್ದಾಳೆಂದು ಟಿಕೆಟ್ಟಿನವರು ಕೇಳಿದಾಗ ತಿರುಗಿ ಮನೆಗೆ ಬಂದಳು. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದ ಗಂಡ ಮುನಿಶಾಮಿ, ಮಾತಾಡಿದರೆ ಅರ್ಧ ತೆಲುಗಿನಲ್ಲೇ ಮಾತಾಡುವವನು, “ಏಮಯಿಂದೇ ನೀಕು, ಏನಾಯ್ತೇ ನಿನಗೆ? ಆ ಹುಡುಗಿ ಬದುಕಿದ್ಳಲ್ಲ, ಇನ್ನೇನು?” ಎಂದ.

“ಬದುಕಿದ್ಳು,” ಎಂದಳು. ಇನ್ನೊಬ್ಬಳ ಸುದ್ದಿ ಅವನಿಗೂ ಹೇಳಲಿಲ್ಲ.

ಮೂರನೆಯ ದಿನ ಅಶ್ವತ್ಥಪ್ಪನವರ ಮನೆ ಬಾಗಿಲಿಗೆ ಹೋಗಿ ನಿಂತಳು. ವೆಂಕಟರತ್ನಮ್ಮ ಒಳಗಿನಿಂದಲೇ, “ಯಾವ ಮುಖ ಹೊತ್ಕೊಂಡು ಬಂದೆಯೇ?” ಎಂದರು.

“ಬೈಯಿರಮ್ಮ, ಬೇಕಾದ್ರೆ ಹೊಡೀರಿ. ಆ ಬಚ್ಚಲಿಗೆ ಒಂದು ಗಂಡಿ ಮಾಡಿಸಿ. ಮಾಡ್ಸೋಗಂಟ ನಿಮ್ಮ ಮಗಳನ್ನ ಅದರೊಳಕ್ಕೆ ಬಿಡಬ್ಯಾಡಿ. ನನ್ನನ್ನ ಕರೀದಿದ್ರೂ ಪರವಾಗಿಲ್ಲ.”

“ಬಂದ ಮೊದಲ್ನೇ ದಿನ ಇಂಥ ಬಚ್ಚಲು ನೋಡೇ ಇಲ್ಲ ಅಂದೋಳು ನೀನೇ ಅಲ್ವಾ?”

“ನಾನೇ.”

ಅಶ್ವತ್ಥಪ್ಪ ಹೊರಗೆ ಬಂದರು. ಅವರೂ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಬಚ್ಚಲಿನ ನಕ್ಷೆಗೆ ತಲೆಯಾಡಿಸಿದವರು ತಾವೇ ಎಂಬುದು ಅವರನ್ನು ಕೊರೆಯುತ್ತಿತ್ತು. ಬರೀ ಗಂಡಿ ಮಾಡಿದರೆ ಹೊರಗಿನ ಚಳಿ ಒಳಗೆ ನುಗ್ಗುತ್ತದೆ. ತಮ್ಮ ಕಚೇರಿಯ ಕ್ಯಾಂಟೀನಿನ ಅಡಿಗೆಮನೆಯಲ್ಲಿ ಗೋಡೆಯೊಳಗೇ ಕೂರಿಸಿದ ಒಂದು ಫ್ಯಾನಿದೆ, ಒಳಗಿನ ಕೆಟ್ಟ ಗಾಳಿಯನ್ನೆಲ್ಲ ಹೊರಕ್ಕೆ ತಳ್ಳುತ್ತದೆ, ಅಂಥದ್ದೇ ಹಾಕಿಸೋಣ ಎಂದರು.

“ಬಾಣಂತಿ ಬಚ್ಚಲಿಗೆ ಫ್ಯಾನಾ!” ವೆಂಕಟರತ್ನಮ್ಮ ಹಣೆ ಚಚ್ಚಿಕೊಂಡರು. “ಗೃಹಪ್ರವೇಶ ಆಗಿ ವರ್ಷ ತುಂಬಿಲ್ಲ, ಗೋಡೆ ಒಡೀತೀನಿ ಅಂತೀರಲ್ಲ!”

ಆದರೂ ಶನಿವಾರದ ರೈಲಿನಲ್ಲಿ ಅಶ್ವತ್ಥಪ್ಪ ಒಂದು ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಕಬ್ಬಿಣದ ಬಳೆಯೊಳಗೆ ಒಂಬತ್ತಿಂಚಿನ ಫ್ಯಾನು, ಒಂದು ಕರುವಿನಷ್ಟು ಭಾರ. ಭಾನುವಾರ ಬೆಳಗ್ಗೆ ಕದಿರೇಶ ಬಂದ. ಇಟ್ಟಿಗೆ ಗೂಡುಗಳ ಮೋಟಾರು ರಿಪೇರಿಯಿಂದ ಹಿಡಿದು ಮದುವೆಮನೆಯ ದೀಪದವರೆಗೆ ಊರಿನ ಕರೆಂಟಿನ ಕೆಲಸವೆಲ್ಲ ಅವನದೇ. ಗಾರೆ ಕೆಲಸಕ್ಕೆ ಪೆದ್ದಪ್ಪ ಬಂದ, ಆ ಮನೆಯ ಗೋಡೆ ಎಬ್ಬಿಸಿದ್ದವನೂ ಅವನೇ. ಕರೆಯದಿದ್ದರೂ ಮುನಿಯಲ್ಲಮ್ಮ ಎಲ್ಲರಿಗಿಂತ ಮೊದಲೇ ಬಂದು ಹಿತ್ತಲಲ್ಲಿ ನಿಂತಿದ್ದಳು.

ಕದಿರೇಶ ಬಚ್ಚಲ ಬಾಗಿಲ ಮೇಲ್ಭಾಗಕ್ಕೆ ಗುರುತು ಹಾಕಲು ಹೋದ. ವೈರು ಎಳೆಯಲು ಅದೇ ಸಲೀಸು.

“ಅಲ್ಲಿ ಬ್ಯಾಡ ಕಣಪ್ಪ,” ಎಂದಳು ಮುನಿಯಲ್ಲಮ್ಮ. “ಅಲ್ಲಿಂದ ಹೊರಟಿದ್ದು ನಡುಮನೇಗೆ ಹೋಗ್ತೈತೆ. ನಡುಮನೇಲಿ ಮಗು ಮಲಗಿರ್ತೈತೆ. ಹೊರಗೋಡೇಗೆ ಮಾಡು, ಬೀದಿ ಕಡೆಗೆ.”

ಕದಿರೇಶ ಅವಳನ್ನೊಮ್ಮೆ ನೋಡಿ, ಹೊರಗೋಡೆಯ ಒಳಮುಖದ ಮೇಲೆ ತಾರಸಿಗೆ ಒಂದು ಗೇಣು ಕೆಳಗೆ ಸೀಮೆಸುಣ್ಣದಲ್ಲಿ ಚೌಕ ಬರೆದ. ಪೆದ್ದಪ್ಪ ಏಣಿ ಹತ್ತಿ ಉಳಿಯಿಟ್ಟು ಸುತ್ತಿಗೆಯಿಂದ ಬಡಿಯತೊಡಗಿದ. ಗಾರೆ ಉದುರಿತು, ಇಟ್ಟಿಗೆಯ ಕೆಂಪು ಕಾಣಿಸಿತು. ಎಂಟು ಹತ್ತು ಏಟಿಗೆ ಉಳಿ ಠಣ್ ಎಂದು ಹಿಂದಕ್ಕೆ ಪುಟಿಯಿತು. ಕಿಟಕಿಯ ಮೇಲೆ ಹಾಕಿದ್ದ ಕಾಂಕ್ರೀಟು ಪಟ್ಟಿ ಅಷ್ಟು ದೂರಕ್ಕೂ ಚಾಚಿತ್ತು. ಒಳಗೆ ಕಬ್ಬಿಣದ ಸರಳು.

“ನೀನೇ ಹಾಕಿದ್ದಲ್ವೇನಯ್ಯ, ಎಲ್ಲೈತೆ ಅಂತ ಗೊತ್ತಿಲ್ವಾ?” ಎಂದ ಕದಿರೇಶ.

“ಹಾಕೋವಾಗ ಒಡೀತೀವಿ ಅಂದ್ಕೊಂಡು ಹಾಕ್ತಾರೇನ್ಲಾ?” ಎಂದ ಪೆದ್ದಪ್ಪ.

ಚೌಕವನ್ನು ಒಂದು ಮೊಳ ಎಡಕ್ಕೆ ಸರಿಸಿದರು. ಹೊಸ ಗೋಡೆಯ ಮೇಲೆ ಬಿದ್ದ ಮೊದಲ ಗಾಯವನ್ನು ನೋಡಲಾರದೆ ವೆಂಕಟರತ್ನಮ್ಮ ಒಳಗೆ ಹೋದರು. ಮುನಿಯಲ್ಲಮ್ಮ ಬಚ್ಚಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಬಚ್ಚಲಿಗೆ ಓಡಾಡುತ್ತಲೇ ಇದ್ದಳು. ಒಂಬತ್ತಿಂಚು ದಪ್ಪದ ಗೋಡೆ. ಒಂದು ಕಡೆಯಿಂದಲೇ ಹೊಡೆದರೆ ಆಚೆಯ ಗಾರೆ ಹಪ್ಪಳದ ಹಾಗೆ ಎದ್ದು ಬೀಳುತ್ತದೆಂದು ಪೆದ್ದಪ್ಪ ಮೊದಲು ನಡುವೆ ಒಂದು ಸಣ್ಣ ತೂತು ಕೊರೆದು ಕಬ್ಬಿಣದ ಕಡ್ಡಿಯನ್ನು ಆಚೆಗೆ ತೂರಿಸಿದ. ಹೊರಗೆ ಹೋಗಿ ಕಡ್ಡಿ ಹೊರಟ ಜಾಗದ ಸುತ್ತ ಅದೇ ಅಳತೆಯ ಚೌಕ ಬರೆದು, ಆ ಕಡೆಯಿಂದಲೂ ಕೆತ್ತುತ್ತಾ ಬಂದ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯ ಕೆತ್ತನೆ ಕೂಡಿತು. ಕಡೆಯ ಇಟ್ಟಿಗೆ ಹೊರಕ್ಕೆ ಬಿದ್ದಾಗ ಬಚ್ಚಲೊಳಗೆ ಒಂದು ಕೋಲು ಬಿಸಿಲು ಇಳಿದು ಧೂಳೆಲ್ಲ ಹೊಳೆಯಿತು. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳ ಕೂಗು ನೆಟ್ಟಗೆ ಒಳಗೆ ಬಂತು.

ಮರದ ಚೌಕಟ್ಟು ಕೂರಿಸಿ ಸುತ್ತ ಸಿಮೆಂಟು ಮೆತ್ತಿದರು. ಹಬೆಯ ನೀರು ಮೋಟಾರಿನ ಕಡೆಗೆ ಹಿಂದಿರುಗದಂತೆ ಗಂಡಿಯ ತಳವನ್ನು ಪೆದ್ದಪ್ಪ ಹೊರಕ್ಕೆ ವಾಟವಾಗಿ ಇಳಿಸಿದ. ಹೊರಗೆ ಮಳೆ ಎರಚಲು ಬೀಳದಂತೆ ಬಾಗಿಸಿದ ತಗಡಿನ ಟೊಪ್ಪಿಗೆ, ಗುಬ್ಬಚ್ಚಿ ಗೂಡು ಕಟ್ಟದಂತೆ ತಂತಿಬಲೆ. ಸ್ವಿಚ್ಚನ್ನು ಒದ್ದೆ ಕೈಗೆ ಸಿಗದ ಹಾಗೆ ಬಚ್ಚಲಿಂದ ಆಚೆ ಹಾಕಬೇಕೆಂದು ಕದಿರೇಶ ಹಟ ಹಿಡಿದು ನಡುಮನೆಯ ಗೋಡೆಗೇ ಹಾಕಿದ.

ಸಿಮೆಂಟು ಗಟ್ಟಿಯಾಗಲು ಮೂರು ದಿನ ಬೇಕಾಯಿತು. ಬುಧವಾರ ಕದಿರೇಶ ಸ್ವಿಚ್ಚು ಒತ್ತಿದ. ಫ್ಯಾನು ಗೊರಗುಟ್ಟುತ್ತಾ ತಿರುಗಿತು. “ಆಯ್ತಲ್ಲ ಪೆದ್ದಮ್ಮ, ಇನ್ನು ನೆಮ್ಮದಿಯಾಗಿ ಮನೆಗೆ ಹೋಗು,” ಎಂದ.

ಮುನಿಯಲ್ಲಮ್ಮ ಹೋಗಲಿಲ್ಲ. ಸಾಂಬ್ರಾಣಿ ಹಾಕಿದ ಧೂಪಾರತಿ ಹಿಡಿದು ಬಚ್ಚಲೊಳಗೆ ಹೋಗಿ ಕಿಟಕಿ, ಬಾಗಿಲು ಎರಡನ್ನೂ ಹಾಕಿಕೊಂಡಳು. ಹೊಗೆ ಮೇಲೆದ್ದಿತು, ಫ್ಯಾನಿನ ಹತ್ತಿರ ನಡುಗಿತು, ಆಮೇಲೆ ಅಲ್ಲೇ ಸುತ್ತಿ ಕೆಳಗಿಳಿಯಿತು. ಫ್ಯಾನು ಭರ್ರೆಂದು ತಿರುಗುತ್ತಲೇ ಇದೆ, ಬಚ್ಚಲು ಹೊಗೆಯಿಂದ ತುಂಬುತ್ತಲೇ ಇದೆ. ಬಾಗಿಲು ತೆರೆದು, “ಇದು ಬರೀ ಸದ್ದು ಕಣೋ, ಏನೂ ಎಳೀತಾ ಇಲ್ಲ!” ಎಂದು ಕೂಗಿದಳು. ಕದಿರೇಶ ಒಳಗೆ ಬಂದು ನೋಡುವಷ್ಟರಲ್ಲಿ ಹೊಗೆಯೆಲ್ಲ ಸರಕ್ಕನೆ ಒಂದು ಎಳೆಯಾಗಿ ಗಂಡಿಯಲ್ಲಿ ಹೋಗಿಬಿಟ್ಟಿತ್ತು. ಬಾಗಿಲು ಮುಚ್ಚಿದರೆ ಮತ್ತೆ ನಿಂತಿತು. ತೆರೆದರೆ ಹೋಯಿತು.

ಕದಿರೇಶ ತಲೆ ಕೆರೆದುಕೊಂಡ. ಮುನಿಯಲ್ಲಮ್ಮ ಬಾಗಿಲ ಬುಡದಲ್ಲಿ ಕೂತು ಅಂಗೈ ಇಟ್ಟು ನೋಡಿದಳು. “ಒಳಕ್ಕೆ ಬರಾಕೆ ದಾರಿ ಇಲ್ಲ ಕಣೋ. ಬರದೆ ಅದು ಏನನ್ನ ಹೊರಕ್ಕೆ ತಳ್ಳಬೇಕು?” ಎಂದಳು. ತಾನು ಗೋಣಿ ಒತ್ತುತ್ತಿದ್ದ ಜಾಗ ಅದೇ ಎಂಬುದು ಅವಳಿಗೆ ಗೊತ್ತಿತ್ತು. ಬಡಗಿಯನ್ನು ಕರೆಸಿ ಬಾಗಿಲ ಕೆಳಗೆ ಎರಡು ಬೆರಳಗಲ ಕೊಯ್ಯಿಸಿದರು.

ಆಮೇಲೆ ಅವಳು ಮಾಡಿದ್ದನ್ನು ಕಂಡು ವೆಂಕಟರತ್ನಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಎಲ್ಲರನ್ನೂ ಆಚೆ ಕಳಿಸಿ, ಫ್ಯಾನು ಹಾಕಿಸಿ, ಬಾಣಂತಿ ಕೂರುವ ಮಣೆಯ ಮೇಲೆ ತಾನೇ ಕೂತು ತಲೆಯ ಮೇಲೆ ಬಿಸಿನೀರು ಹುಯ್ದುಕೊಂಡಳು. ಒದ್ದೆ ಮೈಯಲ್ಲಿ ಅಲುಗಾಡದೆ ಕೂತು, ಗಾಳಿ ಎಲ್ಲಿ ಸೋಕುತ್ತದೆಂದು ಮೈಯಿಂದಲೇ ಹುಡುಕಿದಳು. ಬಾಗಿಲ ಸಂದಿಯಿಂದ ಬಂದ ತಂಪು ನೆಲದ ಮೇಲೆ ಹರಿದು ಹಿಮ್ಮಡಿಗೆ ತಾಗುತ್ತಿತ್ತು. ಮಣೆಯನ್ನು ಹಂಡೆಯ ಪಕ್ಕದ ಮೂಲೆಗೆ ಎಳೆದು ಕೂತಳು. ಅಲ್ಲಿ ಬೆಚ್ಚಗಿತ್ತು. ಗಾಳಿ ಆ ಮೂಲೆಯನ್ನು ಬಿಟ್ಟು ಮೇಲೇರಿ ಹೋಗುತ್ತಿತ್ತು. ನಡುಗುತ್ತಾ ಹೊರಗೆ ಬಂದು, “ಇನ್ಮೇಲೆ ಮಣೆ ಆ ಮೂಲೇಲಿ. ಕೆಂಡ ಒಳಕ್ಕೆ ತರಾಂಗಿಲ್ಲ, ಕರೆಂಟು ಹೋದ ದಿನ ಬಾಗಿಲು ಅರ್ಧ ತೆಗೆದೇ ನೀರು,” ಎಂದಳು. ವೆಂಕಟರತ್ನಮ್ಮ ತಮ್ಮದೊಂದು ಒಣ ಸೀರೆ ತಂದುಕೊಟ್ಟರು.

ಮರುದಿನ ಆದಿಲಕ್ಷ್ಮಿ ಬಚ್ಚಲ ಹೊಸ್ತಿಲಲ್ಲಿ ನಿಂತು ಒಳಗೆ ಬರಲು ಹೆದರಿದಳು. ಮುನಿಯಲ್ಲಮ್ಮ ಅವಳ ಕೈ ಹಿಡಿದು ಕರೆತಂದು ಕೂರಿಸಿದಳು. ಫ್ಯಾನಿನ ಸದ್ದಿನ ನಡುವೆ ಚೊಂಬಿಗೊಂದು ಸಲ, “ತಲೆ ನೋಯ್ತೈತಾ? ಹೊಟ್ಟೆ ತೊಳಸ್ತೈತಾ?” ಎಂದು ಕೇಳುತ್ತಾ ನೀರು ಹುಯ್ದಳು. ಕೇಳಿ ಕೇಳಿ ಸಾಕಾದ ಹುಡುಗಿ ತಿರುಗಿ ನೋಡಿದರೆ ಮುನಿಯಲ್ಲಮ್ಮನ ಕಣ್ಣಲ್ಲಿ ನೀರು.

“ಯಾಕೆ ಪೆದ್ದಮ್ಮಾ? ನನಗೇನೂ ಆಗಿಲ್ವಲ್ಲ.”

ಆಗ ಮುನಿಯಲ್ಲಮ್ಮ ಗಂಗರತ್ನಳ ಸುದ್ದಿ ಹೇಳಿದಳು, ಮಂಚದ ಕೆಳಗಿನ ಕೆಂಡದಿಂದ ಹಿಡಿದು ಮುಖದ ಬಣ್ಣದವರೆಗೆ. ಆದಿಲಕ್ಷ್ಮಿ, “ಆ ಹುಡುಗಿ ಅಮ್ಮನಿಗೆ ಇದು ಗೊತ್ತಾ?” ಎಂದಳು.

ಆ ಒಂದು ಪ್ರಶ್ನೆ ಮುನಿಯಲ್ಲಮ್ಮನನ್ನು ಹದಿನೈದು ದಿನ ಅಟ್ಟಿಕೊಂಡು ಬಂತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಕೋಲಾರಕ್ಕೆ ಹೋಗಿ, ಅಲ್ಲಿಂದ ಮುಳಬಾಗಿಲಿನ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಹೋದಳು. ದೇವರಾಯಸಮುದ್ರದಲ್ಲಿ ಇಳಿದು, ತಮ್ಮನ ಮನೆಯನ್ನು ದಾಟಿ, ಶ್ಯಾಮಲಮ್ಮನ ಬಾಗಿಲಿಗೆ ಹೋದಳು. ಶ್ಯಾಮಲಮ್ಮ ಅಂಗಳದಲ್ಲಿ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಕೂದಲು ಪೂರ್ತಿ ನರೆತಿತ್ತು. ಗಂಡ ತೀರಿಕೊಂಡಿದ್ದ, ಮಗ ತೋಟಕ್ಕೆ ಹೋಗಿದ್ದ.

ಮುನಿಯಲ್ಲಮ್ಮ ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲೂ ಇಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು. “ನಿನ್ನ ಮಗಳನ್ನ ಗಾಳಿ ಹೊಡೀಲಿಲ್ಲ ಕಣೇ. ನಾನಿಟ್ಟ ಕೆಂಡ ಹೊಡೀತು. ಗಂಡಿ ಮುಚ್ಚಿದೋಳು ನಾನು.”

ಶ್ಯಾಮಲಮ್ಮನ ಕುಡುಗೋಲು ಸೊಪ್ಪಿನ ಮೇಲೆಯೇ ನಿಂತಿತು.

“ನಮ್ಮೆಜಮಾನ್ರು ಸಾಯೋಗಂಟ ನನ್ನ ಕೈಯಿಂದ ನೀರು ಇಸ್ಕೊಳ್ಳಲಿಲ್ಲ. ನಿನಗೆ ಗೊತ್ತಾ?” ಎಂದಳು. ಸಾಯುವ ಹಿಂದಿನ ದಿನ ಮಟಮಟ ಮಧ್ಯಾಹ್ನ ಗಂಗರತ್ನ ಕೂದಲು ಬಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದಳಂತೆ. ತಾಯಿಯಾದವಳು ನೋಡಿಯೂ ಒಳಗೆ ಕರೆಯಲಿಲ್ಲ, ಅದಕ್ಕೇ ಗಾಳಿ ಹೊಕ್ಕಿತು ಎಂದು ಗಂಡ, ನಾದಿನಿ, ಬೀಗರು ಎಲ್ಲರೂ ಶ್ಯಾಮಲಮ್ಮನ ಮೇಲೆ ಹೊರಿಸಿದ್ದರು. “ಹದಿಮೂರು ವರ್ಷ. ನಾನೂ ಹೌದು ಅಂದ್ಕೊಂಡೆ. ದಿನಾ ಆ ಹಿತ್ತಲ ಬಾಗಿಲು ನೋಡ್ಕೊಂಡು, ಹೌದು ಅಂದ್ಕೊಂಡೆ.”

ಮುನಿಯಲ್ಲಮ್ಮ ಅವಳ ಕಾಲಿಗೆ ಬೀಳಲು ಬಗ್ಗಿದಳು. ಶ್ಯಾಮಲಮ್ಮ ಕಾಲು ಹಿಂದಕ್ಕೆಳೆದುಕೊಂಡು ಎದ್ದು, ಅವಳ ರಟ್ಟೆ ಹಿಡಿದಳು. “ನನಗೆ ಹೇಳಿದ್ದು ಸಾಲ್ದು. ನಡಿ.”

ರಟ್ಟೆ ಬಿಡದೆ ನಾದಿನಿ ಅಂಜಮ್ಮನ ಮನೆಗೆ ಎಳೆದುಕೊಂಡು ಹೋದಳು. “ಹೇಳು, ನನಗೆ ಹೇಳಿದ್ದನ್ನೇ ಹೇಳು,” ಎಂದಳು. ಮುನಿಯಲ್ಲಮ್ಮ ಹೇಳಿದಳು. ಅಂಜಮ್ಮ ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಲ್ಲಿಂದ ಬೀಗರ ಕಡೆಯ ಇನ್ನೊಂದು ಮನೆ. ಅಲ್ಲಿ ಗಂಡಸರೂ ಕೂತಿದ್ದರು. ಒಬ್ಬ, “ಡಾಕ್ಟ್ರು ಏನೇನೋ ಅಂತಾರೆ,” ಎಂದ. ಶ್ಯಾಮಲಮ್ಮ ಅವನನ್ನು ನೋಡಿದ ನೋಟಕ್ಕೆ ಅವನ ಮಾತು ಅಲ್ಲಿಗೇ ನಿಂತಿತು. ಮೂರನೆಯ ಮನೆಯಲ್ಲಿ ಮುನಿಯಲ್ಲಮ್ಮ ಅರ್ಧ ಹೇಳಿ ಕಂಬಕ್ಕೆ ಒರಗಿದಳು. ಆಗ ಶ್ಯಾಮಲಮ್ಮ ತಾನೇ ಹೇಳತೊಡಗಿದಳು. ಇವಳು ನೀರು ಹಾಕಿದ್ದು, ಕೆಂಡ ಇಟ್ಟಿದ್ದು, ಗಂಡಿ ಮುಚ್ಚಿದ್ದು. ಹೇಳುತ್ತಾ ಹೇಳುತ್ತಾ ಆ ಮನೆಯ ಪಡಸಾಲೆಯಲ್ಲೇ ಕುಸಿದು ಕೂತು, ಮಗಳು ಅವತ್ತೇ ಸತ್ತಳೆಂಬಂತೆ ಎದೆ ಬಡಿದುಕೊಂಡು ಅತ್ತಳು.

ಸಂಜೆ ಬಸ್ಸು ನಿಲ್ಲುವ ಜಾಗದವರೆಗೆ ಅವಳೇ ಬಂದಳು. ಬಸ್ಸು ಕಾಣಿಸಿದಾಗ ಶ್ಯಾಮಲಮ್ಮ, “ನಿನ್ನ ಮೊಕ ನೋಡಾಕೆ ನನ್ನ ಕೈಲಿ ಆಗ್ತಾ ಇಲ್ಲ. ಬರಬ್ಯಾಡ. ನಾನಾಗಿ ಹೇಳಿ ಕಳಿಸ್ದಾಗ ಬಾ,” ಎಂದಳು.

ಮಾಲೂರಿನಲ್ಲಿ ಮುನಿಯಲ್ಲಮ್ಮನ ಕೆಲಸ ಮೊದಲಿನ ಹಾಗೆ ಉಳಿಯಲಿಲ್ಲ. ಎಲ್ಲಿ ಹೋದರೂ ಮೊದಲು ಗೋಡೆ ನೋಡುವಳು, ತಾರಸಿ ನೋಡುವಳು, ಬಾಗಿಲ ಬುಡಕ್ಕೆ ಅಂಗೈ ಇಡುವಳು. ಕಾಂಕ್ರೀಟಿನ ಮನೆಯಾದರೆ ಗಂಡಿ ಮಾಡಿಸದೆ ಚೊಂಬು ಮುಟ್ಟುತ್ತಿರಲಿಲ್ಲ. ಕೆಲವರು ಕದಿರೇಶನನ್ನು ಕರೆಸಿದರು. ಕೆಲವರು, “ನೀರು ಹಾಕೋಕೆ ಕರೆದ್ರೆ ಮನೆ ಒಡೆಸ್ತಾಳೆ,” ಎಂದು ಬೇರೆಯವಳನ್ನು ಗೊತ್ತುಮಾಡಿಕೊಂಡರು. ಅಂಥ ಮನೆಗಳ ಮುಂದೆ ಹಾದು ಹೋಗುವಾಗ ಅವಳ ಹೆಜ್ಜೆ ನಿಂತುಬಿಡುತ್ತಿತ್ತು. ಒಂದೆರಡು ಸಲ ಬಾಗಿಲು ತಟ್ಟಿ, “ಒಳಗೆ ಕೆಂಡ ಇಟ್ಟಿಲ್ಲ ತಾನೆ?” ಎಂದು ಕೇಳಿ ಬೈಸಿಕೊಂಡೂ ಬಂದಳು. ನಾಲ್ಕಿದ್ದ ಮನೆ ಎರಡಾಯಿತು. ಹೊತ್ತು ಮಿಕ್ಕಿದರೂ ಅವಳಿಗೆ ಕೂರುವುದು ಅಭ್ಯಾಸವಾಗಲಿಲ್ಲ.

ಎಂಬತ್ತಾರರ ನವೆಂಬರಿನಲ್ಲಿ ತಮ್ಮ ಬಂದು, ಶ್ಯಾಮಲಮ್ಮನ ಸೊಸೆ ಹೆತ್ತಿದ್ದಾಳೆ, ನೀನು ಬರಬೇಕಂತೆ ಎಂದ. ಮುನಿಯಲ್ಲಮ್ಮ ಆ ದಿನವೇ ಹೊರಟಳು.

ಶ್ಯಾಮಲಮ್ಮ ಬಾ ಎನ್ನಲೂ ಇಲ್ಲ, ಹೇಗಿದ್ದೀಯ ಎನ್ನಲೂ ಇಲ್ಲ. ನೆಟ್ಟಗೆ ಒಳಕ್ಕೆ ಕರೆದುಕೊಂಡು ಹೋಗಿ ಬಚ್ಚಲು ತೋರಿಸಿದಳು. ಕಲ್ಲುಗೋಡೆಯಲ್ಲಿ ಚಪ್ಪಡಿಯ ಕೆಳಗೆ ಹೊಸದಾಗಿ ಒಂದು ಗಂಡಿ ಒಡೆಸಿದ್ದಳು. ಎದುರುಗೋಡೆಯ ಬುಡದಲ್ಲಿ ಇನ್ನೊಂದು. “ಆ ಮನೆಗೆ ಕರೆಂಟು ಫ್ಯಾನು ಅಂದೆ. ನಮಗೆ ದೀಪ ಉರಿದ್ರೇ ಹೆಚ್ಚು. ಇಷ್ಟು ಸಾಕಾ ನೋಡು,” ಎಂದಳು.

ಮುನಿಯಲ್ಲಮ್ಮ ಒಂದು ಹಿಡಿ ಹುಲ್ಲಿಗೆ ಬೆಂಕಿ ತಾಗಿಸಿ ಹೊಗೆಯೆಬ್ಬಿಸಿದಳು. ಹೊಗೆ ಮೆಲ್ಲಗೆ ಮೇಲಿನ ಗಂಡಿಯ ಕಡೆಗೆ ಸಾಗಿತು. ಮಣೆಯ ಜಾಗ ಬದಲಿಸಿ ಸೊಸೆಯನ್ನು ಕೂರಿಸಿ ನೀರು ಹುಯ್ಯತೊಡಗಿದಳು. ಬಾಗಿಲು ಅರ್ಧ ತೆರೆದೇ ಇತ್ತು. ಆಚೆ ನಿಂತಿದ್ದ ಶ್ಯಾಮಲಮ್ಮ ನಾಲ್ಕು ಚೊಂಬಿಗೊಮ್ಮೆ, “ಮುನಿಯಲ್ಲಾ,” ಎನ್ನುವಳು.

“ಇದ್ದೀನಿ ಕಣೇ,” ಎನ್ನುವಳು ಮುನಿಯಲ್ಲಮ್ಮ.

“ಅವಳು?”

“ಕೂತವಳೆ. ಮಾತಾಡ್ತವಳೆ.”

ಮತ್ತೆ ನಾಲ್ಕು ಚೊಂಬು ಮುಗಿಯುವ ಮೊದಲೇ, “ಮುನಿಯಲ್ಲಾ.”